ಕೌಂಟರಿನ ಹಿಂದೆ ನಿಂತವರು ಯಾರು?

(ಫಾರ್ಮಸಿ ಓದುತ್ತಿರುವವರಿಗೂ ಅವರ ಪೋಷಕರಿಗೂ ಕಲಬುರಗಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

‘ಸರ್, ಹೊರಗೆ ಹೋಗಿ ಫಾರ್ಮಸಿಸ್ಟ್ ಆಗಲು ಯಾವ ದೇಶ ಸುಲಭ?’ ಎಂದು ಕೇಳುತ್ತೀರಿ. ನಾನು ತಿರುಗಿ ಕೇಳುವುದು ಇಷ್ಟೇ: ನೀವು ಓದುತ್ತಿರುವುದು ಡಿಪ್ಲೊಮಾ ಆದ ಡಿ.ಫಾರ್ಮಾನೋ, ನಾಲ್ಕು ವರ್ಷದ ಬಿ.ಫಾರ್ಮಾನೋ, ಆರು ವರ್ಷದ ಫಾರ್ಮ್.ಡಿಯೋ? ಒಂದು ಬಾಗಿಲಂತೂ ನೀವು ಅಡ್ಮಿಷನ್ ಮಾಡಿಸಿದ ದಿನವೇ ಮುಚ್ಚಿರುತ್ತದೆ. ಮುಚ್ಚಿದ್ದು ಗೊತ್ತಾಗುವುದು ಮಾತ್ರ ನಾಲ್ಕು ವರ್ಷದ ಫೀ ಕಟ್ಟಿ ಮುಗಿದ ಮೇಲೆ. ಅದಕ್ಕೇ ಅಮೆರಿಕದಿಂದಲೇ ಶುರು ಮಾಡುತ್ತೇನೆ.

ಅಲ್ಲಿ ಹೊರದೇಶದ ಫಾರ್ಮಸಿಸ್ಟ್‌ಗಳ ಕಾಗದಪತ್ರ ಪರಿಶೀಲಿಸುವುದು ಎನ್‌ಎಬಿಪಿ. ರಾಜ್ಯಗಳ ಫಾರ್ಮಸಿ ಬೋರ್ಡ್‌ಗಳು ಸೇರಿ ಮಾಡಿಕೊಂಡ ಸಂಸ್ಥೆ ಅದು. ಅವರ ನಿಯಮ ಬಹಳ ಸರಳ, ಅಷ್ಟೇ ಕಠಿಣ. 2003ರ ಜನವರಿ 1ಕ್ಕಿಂತ ಮೊದಲು ಪಾಸಾದವರಿಗೆ ನಾಲ್ಕು ವರ್ಷದ ಫಾರ್ಮಸಿ ಪದವಿ ಸಾಕು. ಆಮೇಲೆ ಪಾಸಾದವರಿಗೆ ಕನಿಷ್ಠ ಐದು ವರ್ಷದ ಪಠ್ಯಕ್ರಮ ಬೇಕು. ನಮ್ಮ ಬಿ.ಫಾರ್ಮಾ ನಾಲ್ಕು ವರ್ಷದ್ದು. ‘ಎಂ.ಫಾರ್ಮಾ ಎರಡು ವರ್ಷ ಸೇರಿಸಿದರೆ ಆರಾಗುತ್ತದಲ್ಲ ಸರ್?’ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ. ಸ್ನಾತಕೋತ್ತರ ಪದವಿಯನ್ನು ಅವರು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫಾರ್ಮ್.ಡಿ ನಮ್ಮಲ್ಲಿ ಶುರುವಾದದ್ದು 2008ರ ನಿಯಮಾವಳಿಯಿಂದ. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆ ಮಕ್ಕಳಿಗೆ ಅಮೆರಿಕದ ದಾರಿ ತೆರೆದಿದೆ. ಮೊದಲು ಎಫ್‌ಪಿಜಿಇಇ ಎಂಬ ಪರೀಕ್ಷೆ, ಜೊತೆಗೆ ಇಂಗ್ಲಿಷಿಗೆ ಟೋಫೆಲ್. ಇವೆರಡೂ ಆದರೆ ಎಫ್‌ಪಿಜಿಇಸಿ ಪ್ರಮಾಣಪತ್ರ. ಆಮೇಲೆ ಒಂದು ರಾಜ್ಯ ಆರಿಸಿಕೊಂಡು, ಆ ರಾಜ್ಯ ಹೇಳಿದಷ್ಟು ಗಂಟೆ ಇಂಟರ್ನ್ ಆಗಿ ದುಡಿಯಬೇಕು. ಕ್ಯಾಲಿಫೋರ್ನಿಯಾ ಆದರೆ 1500 ಗಂಟೆ. ಆಮೇಲೆ ನ್ಯಾಪ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ, ಅದರ ಜೊತೆ ಆ ರಾಜ್ಯದ ಕಾನೂನು ಪರೀಕ್ಷೆ. ಇಷ್ಟೆಲ್ಲ ದಾಟಿದ ಮೇಲೆ ಲೈಸೆನ್ಸ್. ವೀಸಾ ವಿಷಯವೇ ಬೇರೆ. ಅದರ ತಂಟೆಗೆ ನಾನು ಇವತ್ತು ಹೋಗುವುದಿಲ್ಲ.

ಟೋಫೆಲ್ ಅಂದೆನಲ್ಲ, ಅಲ್ಲೊಂದು ಸ್ವಾರಸ್ಯವಿದೆ. ಎನ್‌ಎಬಿಪಿ ಬಹುಕಾಲ ಕೇಳಿಕೊಂಡು ಬಂದ ಕನಿಷ್ಠ ಅಂಕಗಳನ್ನು ನೋಡಿ. ಆಗ ಒಂದೊಂದು ವಿಭಾಗಕ್ಕೆ ಒಟ್ಟು 30 ಅಂಕ ಇತ್ತು. ಓದುವುದಕ್ಕೆ 22, ಕೇಳುವುದಕ್ಕೆ 21, ಬರೆಯುವುದಕ್ಕೆ 24. ಮಾತಾಡುವುದಕ್ಕೆ? 26. ನಮ್ಮ ಹುಡುಗರು ಓದುವುದರಲ್ಲಿ ಲೀಲಾಜಾಲವಾಗಿ ದಾಟುತ್ತಾರೆ, ಮಾತಿನಲ್ಲಿ ಒಂದೋ ಎರಡೋ ಅಂಕಕ್ಕೆ ಬೀಳುತ್ತಾರೆ. ಬಿದ್ದಾಗ ಉಚ್ಚಾರಣೆಯನ್ನು ಬೈದುಕೊಳ್ಳುತ್ತಾರೆ. ನನಗನಿಸುವುದು ಬೇರೆ. ಗುರುತಿಲ್ಲದ ಮನುಷ್ಯನ ಎದುರು ನಿಂತು, ಔಷಧದ ಬಗ್ಗೆ ನಾಲ್ಕು ಮಾತು ಪೂರ್ತಿ ಆಡಿದ ಅಭ್ಯಾಸ ಅವರಿಗೆ ಕನ್ನಡದಲ್ಲೂ ಇರುವುದಿಲ್ಲ. ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು?

ಇವತ್ತು ನಾನು ಹೇಳಬೇಕೆಂದು ಬಂದಿರುವುದೇ ಇದನ್ನು. ಔಷಧದ ರಸಾಯನಶಾಸ್ತ್ರ ನಿಮಗೆ ಚೆನ್ನಾಗಿ ಬರುತ್ತದೆ, ಅದರಲ್ಲಿ ನೀವು ಯಾರಿಗೂ ಕಡಿಮೆಯಿಲ್ಲ. ಆ ದೇಶಗಳು ಪರೀಕ್ಷಿಸುವುದು ಕೌಂಟರಿನ ಹಿಂದೆ ನಿಂತು ತೀರ್ಮಾನ ತೆಗೆದುಕೊಳ್ಳುವ ಮನುಷ್ಯನನ್ನು. ನಮ್ಮೂರಲ್ಲಿ ಆ ಜಾಗದಲ್ಲಿ ಫಾರ್ಮಸಿಸ್ಟ್ ನಿಂತಿರುವುದೇ ಅಪರೂಪ.

ಕೆನಡಾ ತೆಗೆದುಕೊಳ್ಳಿ. ನಮ್ಮ ನಾಲ್ಕು ವರ್ಷದ ಬಿ.ಫಾರ್ಮಾಕ್ಕೆ ಅಲ್ಲಿ ಬಾಗಿಲು ತೆರೆದಿದೆ, ಆದ್ದರಿಂದ ಈ ಸಭಾಂಗಣದಲ್ಲಿ ಅರ್ಧ ಮಂದಿ ಕೆನಡಾದ ಹೆಸರು ಹಿಡಿದು ಕೂತಿದ್ದೀರಿ ಅಂತ ನನಗೆ ಗೊತ್ತು. ಅಲ್ಲಿ ಪಿಇಬಿಸಿ ಎಂಬ ಪರೀಕ್ಷಾ ಮಂಡಳಿ ಇದೆ. ಮೊದಲು ಕಾಗದಪತ್ರಗಳ ಪರಿಶೀಲನೆ, ಆಮೇಲೆ ಇವ್ಯಾಲ್ಯುಯೇಟಿಂಗ್ ಪರೀಕ್ಷೆ, ಆಮೇಲೆ ಎರಡು ಭಾಗದ ಕ್ವಾಲಿಫೈಯಿಂಗ್ ಪರೀಕ್ಷೆ. ಅದಕ್ಕೆ ಆಯಾ ಪ್ರಾಂತ್ಯದ ಕಾನೂನು ಪರೀಕ್ಷೆ, ತರಬೇತಿ ಸೇರುತ್ತವೆ. ಕ್ವಿಬೆಕ್‌ನದ್ದು ಬೇರೆಯೇ ಪದ್ಧತಿ, ಅಲ್ಲಿ ಫ್ರೆಂಚ್ ಬೇಕು. ಟೊರಾಂಟೊ ವಿಶ್ವವಿದ್ಯಾಲಯದಂಥ ಕಡೆ ಹೊರದೇಶದ ಫಾರ್ಮಸಿಸ್ಟ್‌ಗಳಿಗೆಂದೇ ಸೇತುಬಂಧ ಕೋರ್ಸ್ ಇದೆ. ದುಡ್ಡು ಕೂಡಿಬಂದರೆ ಅದನ್ನು ಮಾಡಿ ಎನ್ನುವವನು ನಾನು.

ಬರೆಯುವ ಪರೀಕ್ಷೆಗಳನ್ನು ನಮ್ಮವರು ದಾಟುತ್ತಾರೆ. ತೊಡಕಾಗುವುದು ಕ್ವಾಲಿಫೈಯಿಂಗ್ ಪರೀಕ್ಷೆಯ ಎರಡನೇ ಭಾಗದಲ್ಲಿ, ಅದನ್ನು ಓಸ್ಕಿ ಎನ್ನುತ್ತಾರೆ. ಸಾಲಾಗಿ ಕೋಣೆಗಳು. ಒಂದೊಂದು ಕೋಣೆಯಲ್ಲಿ ಒಬ್ಬ ರೋಗಿ ಕೂತಿರುತ್ತಾನೆ. ಅವನು ನಟ, ತರಬೇತಿ ಕೊಟ್ಟು ಕೂರಿಸಿದವನು. ಪಕ್ಕದಲ್ಲಿ ಪರೀಕ್ಷಕರು ಅಂಕಪಟ್ಟಿ ಹಿಡಿದು ಸುಮ್ಮನೆ ನೋಡುತ್ತಿರುತ್ತಾರೆ. ಗಂಟೆ ಬಾರಿಸುವುದರೊಳಗೆ ನೀವು ಮಾತಾಡಿ, ವಿಷಯ ತಿಳಿದುಕೊಂಡು, ಏನು ಮಾಡಬೇಕೆಂದು ತೀರ್ಮಾನಿಸಿ, ಅದನ್ನು ಅವನಿಗೆ ತಿಳಿಯುವ ಹಾಗೆ ಹೇಳಿ ಹೊರಬರಬೇಕು.

ಅಂಥದೊಂದು ಕೋಣೆಯನ್ನು ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆಗೆ ತಂದು ಇಡೋಣ. ಮೇ ತಿಂಗಳು, ಹೊರಗೆ 42 ಡಿಗ್ರಿ ಬಿಸಿಲು. ಅರವತ್ತು ದಾಟಿದ ಹೆಣ್ಣುಮಗಳು ಮೆಡಿಕಲ್‌ಗೆ ಬಂದು, ‘ಯಪ್ಪಾ, ಮೊಣಕಾಲು ಭಾಳ ನೋಯ್ಲಾಕತ್ತಾವ, ಒಂದೆರಡು ಗುಳಗಿ ಕೊಡು’ ಅನ್ನುತ್ತಾಳೆ. ನಮ್ಮ ಕೌಂಟರಿನ ಹುಡುಗ ಡೈಕ್ಲೋಫೆನಾಕ್ ಸ್ಟ್ರಿಪ್‌ನಿಂದ ನಾಲ್ಕು ಗುಳಗಿ ಕತ್ತರಿಸಿ, ಹರಿದ ಕಾಗದದ ಪೊಟ್ಟಣಕ್ಕೆ ಹಾಕಿ, ‘ಊಟಾದ್ಮ್ಯಾಲೆ ತಗೋ ಯವ್ವಾ’ ಅಂತಾನೆ. ಮೂವತ್ತು ಸೆಕೆಂಡಿನ ವ್ಯವಹಾರ. ಅವಳಿಗೂ ಸಮಾಧಾನ, ಇವನಿಗೂ ಸಮಾಧಾನ.

ಅವನು ಕೇಳದೇ ಬಿಟ್ಟದ್ದನ್ನು ನಾವು ಕೇಳೋಣ. ‘ಯವ್ವಾ, ಬೇರೆ ಯಾವ ಗುಳಗಿ ನಡೀಲಾಕತ್ತಾವ?’ ಚೀಲದಿಂದ ಒಂದು ಸ್ಟ್ರಿಪ್ ತೆಗೆಯುತ್ತಾಳೆ: ಟೆಲ್ಮಿಸಾರ್ಟನ್, ಅದರಲ್ಲೇ ಕೂಡಿದ ಹೈಡ್ರೋಕ್ಲೋರೋಥಯಜೈಡ್. ಬಿಪಿಗೆ ನಮ್ಮ ಕಡೆ ತುಂಬಾ ನಡೆಯುವ ಜೋಡಿ. ಟೆಲ್ಮಿಸಾರ್ಟನ್ ಮೂತ್ರಪಿಂಡದ ಶೋಧಕದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಥಯಜೈಡ್ ಮೈಯ ನೀರು ಇಳಿಸುತ್ತದೆ. ಇವೆರಡರ ಮೇಲೆ ಡೈಕ್ಲೋಫೆನಾಕ್ ಬಿದ್ದರೆ, ಒಳಬರುವ ನಾಳವೂ ಬಿಗಿಯುತ್ತದೆ. ಒಳಬರುವ ರಕ್ತ ಕಡಿಮೆ, ಒತ್ತಡ ಕಡಿಮೆ, ಮೈಯಲ್ಲಿ ನೀರೂ ಕಡಿಮೆ. ಬಿಸಿಲಲ್ಲಿ ಹೊಲಕ್ಕೆ ಹೋಗಿ ಬೆವರು ಹರಿಸಿದವಳಾದರೆ ನಾಲ್ಕು ದಿನದಲ್ಲಿ ಕಿಡ್ನಿಗೆ ಪೆಟ್ಟು ಬೀಳಬಹುದು. ಈ ಮೂರರ ಕೂಟವನ್ನು ಫಾರ್ಮಕಾಲಜಿಯಲ್ಲಿ ನೀವೆಲ್ಲ ಓದಿದ್ದೀರಿ. ಪರೀಕ್ಷೆಗೆ ಬರೆದಿದ್ದೀರಿ, ಅಂಕವೂ ಬಂದಿದೆ. ಆ ಕೋಣೆಯಲ್ಲಿ ಅದಕ್ಕೆ ಅಂಕ ಬರಬೇಕಾದರೆ ಮಾತ್ರ ಬಾಯಿಬಿಟ್ಟು ‘ಬೇರೆ ಯಾವ ಗುಳಗಿ?’ ಎಂದು ಕೇಳಬೇಕು. ಕೇಳಿದ ಮೇಲೆ ಡೈಕ್ಲೋಫೆನಾಕ್ ಯಾಕೆ ಬೇಡ, ಬದಲಿಗೆ ಪ್ಯಾರಾಸಿಟಮಾಲ್ ಎಷ್ಟು, ಹಚ್ಚುವ ಮುಲಾಮು ಏನು, ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು, ಇಷ್ಟನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು.

ಆ ದೇಶಗಳಲ್ಲಿ ಫಾರ್ಮಸಿಸ್ಟ್‌ನ ಅಧಿಕಾರವೂ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆ. ಆಲ್ಬರ್ಟಾ ಪ್ರಾಂತ್ಯದಲ್ಲಿ 2007ರಿಂದಲೇ ಫಾರ್ಮಸಿಸ್ಟ್ ಚೀಟಿ ಬರೆಯಬಹುದು. ಒಂಟಾರಿಯೋದಲ್ಲಿ 2023ರ ಜನವರಿಯಿಂದ ಸಣ್ಣಪುಟ್ಟ ಕಾಯಿಲೆಗಳಿಗೆ ಅವರೇ ಔಷಧ ಬರೆದುಕೊಡುತ್ತಾರೆ. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಂದು ‘ಫಾರ್ಮಸಿ ಫಸ್ಟ್’ ಎಂಬ ಯೋಜನೆ ಬಂತು, ಏಳು ಕಾಯಿಲೆಗಳಿಗೆ ಡಾಕ್ಟರ್ ಚೀಟಿ ಬೇಕಿಲ್ಲ. ಹೆಣ್ಣುಮಕ್ಕಳ ಉರಿಮೂತ್ರ ಅದರಲ್ಲೊಂದು. ಅಲ್ಲಿನ ಫಾರ್ಮಸಿಸ್ಟ್ ಗೊತ್ತುಮಾಡಿದ ಪ್ರಶ್ನೆಗಳನ್ನು ಕೇಳಿ, ಜ್ವರ, ಬೆನ್ನುನೋವು, ಬಸಿರು ಇವೆಲ್ಲ ಇಲ್ಲವೆಂದು ಖಚಿತಮಾಡಿಕೊಂಡು, ಮೂರು ದಿನಕ್ಕೆ ನೈಟ್ರೋಫ್ಯುರಾಂಟಾಯಿನ್ ಕೊಡುತ್ತಾನೆ. ಸಂಶಯ ಬಂದರೆ ಡಾಕ್ಟರ್ ಕಡೆಗೆ ಕಳಿಸುತ್ತಾನೆ. ನಮ್ಮಲ್ಲೂ ಚೀಟಿಯಿಲ್ಲದೆ ಆಂಟಿಬಯಾಟಿಕ್ ಸಿಗುತ್ತದೆ, ಒಂದೇ ಒಂದು ಪ್ರಶ್ನೆಯೂ ಇಲ್ಲದೆ!

ಇಂಗ್ಲೆಂಡಿನ ದಾರಿ ಸ್ವಲ್ಪ ಬೇರೆ. ಅಲ್ಲಿ ಜಿಪಿಎಚ್‌ಸಿ ಎಂಬ ಕೌನ್ಸಿಲ್. ನಮ್ಮಂಥವರಿಗೆ ಓಸ್ಪ್ಯಾಪ್ ಎಂಬ ಒಂದು ವರ್ಷದ ಕೋರ್ಸ್ ಇದೆ, ಅದನ್ನು ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಹೋಗಿ ಓದಬೇಕು. ಆಮೇಲೆ 52 ವಾರದ ತರಬೇತಿ, ಆಮೇಲೆ ನೋಂದಣಿ ಪರೀಕ್ಷೆ. ಆ ಪರೀಕ್ಷೆಯ ಮೊದಲ ಭಾಗ ಬರೀ ಲೆಕ್ಕ, 40 ಪ್ರಶ್ನೆ. ಎ, ಬಿ, ಸಿ, ಡಿ ಎಂದು ಆಯ್ಕೆ ಕೊಟ್ಟಿರುವುದಿಲ್ಲ, ಉತ್ತರದ ಸಂಖ್ಯೆಯನ್ನು ನೀವೇ ತುಂಬಬೇಕು. ಕ್ಯಾಲ್ಕುಲೇಟರ್ ಇರುತ್ತದೆ. ‘ಲೆಕ್ಕ ತಾನೇ ಸರ್’ ಎಂದು ನಗಬೇಡಿ. ಈ ಲೆಕ್ಕ ಮಾಡಿ ನೋಡೋಣ.

ಮಗು 12 ಕೆ.ಜಿ. ಜ್ವರ. ಕೆ.ಜಿ.ಗೆ 15 ಮಿಲಿಗ್ರಾಂ ಪ್ಯಾರಾಸಿಟಮಾಲ್. ಒಂದು ಡೋಸ್‌ಗೆ 180 ಮಿಲಿಗ್ರಾಂ ಆಯಿತು. 5 ಮಿ.ಲೀ.ಗೆ 120 ಮಿಲಿಗ್ರಾಂ ಇರುವ ಸಿರಪ್ ಆದರೆ ಏಳೂವರೆ ಮಿ.ಲೀ. 5 ಮಿ.ಲೀ.ಗೆ 250 ಇರುವುದಾದರೆ 3.6 ಮಿ.ಲೀ. ನಮ್ಮ ಅಂಗಡಿಗಳಲ್ಲಿ ಮೂರನೆಯದೂ ಇದೆ: ಡ್ರಾಪ್ಸ್, ಒಂದು ಮಿ.ಲೀ.ಗೇ 100 ಮಿಲಿಗ್ರಾಂ. ಇದರಲ್ಲಿ ಬೇಕಾದದ್ದು 1.8 ಮಿ.ಲೀ. ಮಾತ್ರ. ತಾಯಿಗೆ ಹಳೆಯ ಸಿರಪ್‌ನ ಅಳತೆ ನೆನಪಿದೆ, ಅಂಗಡಿಯವನು ಈ ಸಲ ಡ್ರಾಪ್ಸ್ ಕೊಟ್ಟಿದ್ದಾನೆ, ಅವಳು ಏಳೂವರೆ ಮಿ.ಲೀ. ಕುಡಿಸುತ್ತಾಳೆ. 750 ಮಿಲಿಗ್ರಾಂ! ಮಗುವಿಗೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಮಿಕ್ಕಿ ಒಂದೇ ಸಲಕ್ಕೆ. ದಿನಕ್ಕೆ ನಾಲ್ಕು ಸಲ ಹೀಗೇ ಆದರೆ ಯಕೃತ್ತಿನ ಗತಿಯೇನು, ನೀವೇ ಹೇಳಿ. ಇದರಲ್ಲಿ ಗಣಿತ ನಾಲ್ಕನೇ ಕ್ಲಾಸಿನದು. ಪರೀಕ್ಷೆ ನೋಡುವುದು ಬಾಟಲಿ ಕೈಗೆತ್ತಿಕೊಂಡಾಗ ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನು.

ಆಸ್ಟ್ರೇಲಿಯಾ ಬಗ್ಗೆ ಒಂದೇ ಮಾತು. ಕ್ಯಾಪ್ಸ್ ಎಂಬ ಹಳೆ ಪರೀಕ್ಷೆ ಹೋಗಿದೆ. 2025ರಿಂದ ಓಪ್ರಾ ಬಂದಿದೆ. ಹಳೆಯದರಲ್ಲಿ ಔಷಧ ರಸಾಯನಕ್ಕೆ ದೊಡ್ಡ ಪಾಲಿತ್ತು. ಹೊಸದರಲ್ಲಿ ಚಿಕಿತ್ಸೆ ಮತ್ತು ರೋಗಿಯ ಆರೈಕೆಗೆ ಒತ್ತು. ಹಳೆ ಕ್ಯಾಪ್ಸ್ ಗೈಡ್‌ಗಳನ್ನು ಹಿಡಿದು ಕೂತವರು ಇನ್ನೂ ಇದ್ದಾರೆ. ದಯವಿಟ್ಟು ಬದಿಗಿಡಿ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಸಹಿಸಿಕೊಳ್ಳಿ. ಈ ದೇಶದಲ್ಲಿ ಔಷಧ ವ್ಯವಹಾರ ಹೇಗೆ ನಡೆದಿದೆ ಎಂದು ನೋಡಲು 1930ರಲ್ಲಿ ಸರ್ಕಾರ ಚೋಪ್ರಾ ಸಮಿತಿ ಮಾಡಿತು. ತರಬೇತಿಯಿಲ್ಲದವರ ಕೈಯಲ್ಲಿ ಔಷಧ ಇದೆ ಎಂಬುದು ಅವರ ದೊಡ್ಡ ಆತಂಕ. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರು ಮಾಡಿದರು. ನಾವೆಲ್ಲ ಆ ಬಳ್ಳಿಯ ಕುಡಿಗಳು. 1940ರಲ್ಲಿ ಔಷಧ ಕಾಯ್ದೆ, 1948ರ ಮಾರ್ಚ್‌ನಲ್ಲಿ ಫಾರ್ಮಸಿ ಕಾಯ್ದೆ. ಆ ಮಾರ್ಚ್‌ನಲ್ಲಿ ನಮ್ಮ ಕಲಬುರಗಿ, ಬೀದರ್ ಇನ್ನೂ ನಿಜಾಮರ ಕೈಯಲ್ಲಿದ್ದವು. ಸೆಪ್ಟೆಂಬರ್‌ನಲ್ಲಿ ವಿಮೋಚನೆಯಾಯಿತು. ಆ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುವುದು, ಡಾಕ್ಟರ್ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆಯವರು ಕೊಡಕೂಡದು ಎಂದು. ಓದಲು ಚೆಂದ. ಅಂಗಡಿಗೆ ಹೋಗಿ ನೋಡಿ. ಗೋಡೆಯ ಮೇಲೆ ಗಾಜು ಹಾಕಿಸಿದ ಸರ್ಟಿಫಿಕೇಟ್ ತೂಗುತ್ತಿರುತ್ತದೆ. ಆ ಹೆಸರಿನ ಮನುಷ್ಯ ಎಲ್ಲಿ? ಬೆಂಗಳೂರಲ್ಲಿ ಮೆಡಿಕಲ್ ರೆಪ್ ಆಗಿದ್ದಾನೆ, ಇಲ್ಲವೇ ಹೈದರಾಬಾದಿನಲ್ಲಿ ಔಷಧ ಕಂಪನಿಯ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ವಿಭಾಗದಲ್ಲಿದ್ದಾನೆ. ತಿಂಗಳಿಗೆ ಇಷ್ಟು ಎಂದು ಸರ್ಟಿಫಿಕೇಟ್ ಬಾಡಿಗೆಗೆ ಬಿಟ್ಟಿದ್ದಾನೆ. ಇದು ಗುಟ್ಟೇನಲ್ಲ, ಇಲ್ಲಿ ಕೂತ ತಂದೆಯರೊಬ್ಬಿಬ್ಬರು ತಲೆ ತಗ್ಗಿಸಿದ್ದು ನನಗೆ ಕಾಣುತ್ತಿದೆ.

ಬಾಡಿಗೆ ಸರ್ಟಿಫಿಕೇಟ್‌ಗೂ ಹೊರದೇಶಕ್ಕೂ ಏನು ಸಂಬಂಧ ಎಂದರೆ, ಗಲ್ಫ್. ಬೀದರ್, ಕಲಬುರಗಿಯಿಂದ ಹೋಗುವವರಲ್ಲಿ ಬಹಳ ಮಂದಿ ನೋಡುವುದು ಅತ್ತ ಕಡೆಗೇ. ಲೈಸೆನ್ಸ್ ಕೊಡುವುದು ದುಬೈಗೆ ಡಿಎಚ್‌ಎ ಎಂಬ ಆರೋಗ್ಯ ಪ್ರಾಧಿಕಾರ, ಅಬುಧಾಬಿಗೆ ಡಿಒಎಚ್ ಎಂಬ ಆರೋಗ್ಯ ಇಲಾಖೆ, ಉಳಿದ ಎಮಿರೇಟ್‌ಗಳಿಗೆ ಅಲ್ಲಿನ ಆರೋಗ್ಯ ಸಚಿವಾಲಯ. ಸೌದಿಗೆ ಅವರದೇ ಆಯೋಗ, ಎಸ್‌ಪಿಎಲ್‌ಇ ಎಂಬ ಪರೀಕ್ಷೆ. ದುಬೈ ಕಡೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ. ಅನುಭವಪತ್ರ ಬರೆಸಿಕೊಳ್ಳುವುದು ನಮ್ಮಲ್ಲಿ ಕಷ್ಟವೇ? ಇಲ್ಲ. ಆದರೆ ಕಾಗದಪತ್ರ ಪರಿಶೀಲಿಸುವ ಡೇಟಾಫ್ಲೋ ಎಂಬ ಸಂಸ್ಥೆಯೊಂದಿದೆ. ನಿಮ್ಮ ಪದವಿಯ ಬಗ್ಗೆ ವಿಶ್ವವಿದ್ಯಾಲಯವನ್ನೇ, ನೋಂದಣಿಯ ಬಗ್ಗೆ ಕೌನ್ಸಿಲನ್ನೇ, ಅನುಭವದ ಬಗ್ಗೆ ಕೆಲಸ ಕೊಟ್ಟವರನ್ನೇ ಅವರು ನೇರವಾಗಿ ಕೇಳುತ್ತಾರೆ. ಸುಳ್ಳು ಪತ್ರ ಸಿಕ್ಕಿಬಿದ್ದರೆ ಆ ದಾಖಲೆ ನಿಮ್ಮ ಹೆಸರಿಗೆ ಅಂಟಿಕೊಳ್ಳುತ್ತದೆ. ಸಿಕ್ಕಿಬೀಳದೆ ಪಾರಾದರೂ, ಅಲ್ಲಿ ಕೌಂಟರಿನಲ್ಲಿ ನಿಂತ ಮೊದಲ ದಿನವೇ ಬಣ್ಣ ಬಯಲಾಗುತ್ತದೆ.

ಡಿ.ಫಾರ್ಮಾ ಆದವರಿಗೂ ಒಂದು ಮಾತು. ಯುಎಇಯಲ್ಲಿ ಫಾರ್ಮಸಿಸ್ಟ್ ಎನ್ನಿಸಿಕೊಳ್ಳಲು ಪದವಿ ಬೇಕು. ಡಿಪ್ಲೊಮಾದವರು ಫಾರ್ಮಸಿ ಟೆಕ್ನಿಷಿಯನ್. ಏಜೆಂಟ್ ಏನು ಹೇಳಿದರೂ ಇದು ಇಷ್ಟೇ. ಸೌದಿಗೆ ಹೋಗುವವರು ಇನ್ನೊಂದನ್ನು ಗಮನಿಸಿ. ಫಾರ್ಮಸಿ ಕೆಲಸಗಳಲ್ಲಿ ತಮ್ಮ ದೇಶದವರಿಗೇ ಪಾಲು ಮೀಸಲಿಡುವುದನ್ನು ಅವರು 2020ರಲ್ಲಿ ಶೇ 20ರಿಂದ ಶುರು ಮಾಡಿ, ಮರುವರ್ಷ ಶೇ 30ಕ್ಕೆ ಏರಿಸಿದರು. ಅದು ಏರುವ ಗ್ರಾಫ್, ಇಳಿಯುವುದಲ್ಲ. ಅವರ ದೇಶ, ಅವರ ಮಕ್ಕಳು. ನಾವು ನಮ್ಮ ಭಾಗದವರಿಗೆ ಮೀಸಲು ಕೊಡುವ ಸಂವಿಧಾನದ 371(ಜೆ) ಕೇಳಿ ಪಡೆದವರು, ನಮಗೆ ಅದು ಅರ್ಥವಾಗಬೇಕು.

ಕಾಗದಪತ್ರದ ವಿಷಯ ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಭ್ಯರ್ಥಿಗಳು ಪರೀಕ್ಷೆಯಲ್ಲಿ ಕಳೆಯುವುದಕ್ಕಿಂತ ಹೆಚ್ಚು ತಿಂಗಳು ಇಲ್ಲಿ ಕಳೆಯುತ್ತಾರೆ. ನಮ್ಮ ಭಾಗದವರಿಗೆ ಬೇರೆಯವರಿಗಿಲ್ಲದ ತಾಪತ್ರಯಗಳಿವೆ. ಊರಿನ ಹೆಸರೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಂದು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಇಲ್ಲಿ ಕೂತವರೆಲ್ಲ ಅದಕ್ಕಿಂತ ಮೊದಲು ಹುಟ್ಟಿದವರು. ಜನನ ಪತ್ರದಲ್ಲಿ ಗುಲ್ಬರ್ಗಾ, ಪಾಸ್‌ಪೋರ್ಟಿನಲ್ಲಿ ಕಲಬುರಗಿ. ಒಟ್ಟಾವಾದಲ್ಲೋ ಷಿಕಾಗೋದಲ್ಲೋ ಕೂತ ಗುಮಾಸ್ತನಿಗೆ ಇವು ಎರಡು ಬೇರೆ ಊರು. ಶೋರಾಪುರ, ಶಹಾಪುರದ ಮಕ್ಕಳ ಪಾಡು ಇನ್ನೂ ಮಜವಾಗಿದೆ: ಹುಟ್ಟಿದಾಗ ಗುಲ್ಬರ್ಗಾ ಜಿಲ್ಲೆ, 2010ರ ಹೊತ್ತಿಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು, ಆಧಾರ್‌ನಲ್ಲಿ ಯಾದಗಿರಿ. ಹೆಸರು ಬದಲಾದ ರಾಜ್ಯಪತ್ರದ ಪ್ರತಿ, ಎರಡೂ ಒಂದೇ ಊರು ಎಂಬ ನೋಟರಿ ಅಫಿಡವಿಟ್, ಇವನ್ನು ಕೇಳುವ ಮೊದಲೇ ತಯಾರಿಟ್ಟುಕೊಳ್ಳಿ.

ಆಮೇಲೆ ನಿಮ್ಮ ಸ್ವಂತ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ‘ಶರಣಬಸಪ್ಪ’, ತಂದೆಯ ಹೆಸರು ಬೇರೆ ಸಾಲಿನಲ್ಲಿ. ಪದವಿ ಪತ್ರದಲ್ಲಿ ಒಂದು ಇನಿಷಿಯಲ್. ಪಾಸ್‌ಪೋರ್ಟಿನವರು ಸರ್‌ನೇಮ್ ಕೇಳಿದರೆಂದು ಅಲ್ಲಿ ಊರ ಹೆಸರೋ ಮನೆತನದ ಹೆಸರೋ ಸೇರಿತು. ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಡೆ ಒಂದು ‘ಪಿ’, ಇನ್ನೊಂದು ಕಡೆ ಎರಡು. ಒಬ್ಬನೇ ಹುಡುಗ, ಮೂವರು ಶರಣಬಸಪ್ಪರು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಮ್ಮ ಗುರುತುಪತ್ರದ ಹೆಸರು, ನೋಂದಾಯಿಸಿದ ಹೆಸರು ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಫೀ ಹೋಯಿತು. ಎರಡನೇ ವರ್ಷದಲ್ಲಿರುವಾಗಲೇ ಎಲ್ಲ ಪತ್ರ ಹರಡಿಕೊಂಡು ಕೂತು ಅಕ್ಷರ ಅಕ್ಷರ ತಾಳೆ ನೋಡಿ. ಆಮೇಲೆ ತಿದ್ದಿಸುವುದೆಂದರೆ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸುವುದು.

ಹಾಗಾದರೆ ಇವತ್ತಿನಿಂದ ಮಾಡುವುದೇನು? ಕೋಚಿಂಗ್ ಸೇರಿ ಎನ್ನುವವನಲ್ಲ ನಾನು. ರಜೆಯಲ್ಲಿ ಒಂದು ಮೆಡಿಕಲ್‌ನಲ್ಲಿ ನಿಲ್ಲಿ, ಸಂಬಳ ಕೇಳದೆ. ಪರಿಚಯದ ಅಂಗಡಿ ಒಂದಾದರೂ ಇರುತ್ತದೆ. ಬಂದವರಿಗೆ ಮೂರು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಿ: ಔಷಧ ಯಾರಿಗೆ, ಬೇರೆ ಏನು ತಗೋತೀರಿ, ಹಿಂದೆ ಯಾವುದಾದರೂ ಗುಳಗಿ ಮೈಗೆ ಹಿಡಿಸಿಲ್ಲವೇ? ಮೊದಲ ವಾರ ಜನ ರೇಗುತ್ತಾರೆ. ‘ನಿನಗ್ಯಾಕೋ ತಮ್ಮಾ ಊರ ಉಸಾಬರಿ, ಗುಳಗಿ ಕೊಡು’ ಅನ್ನುತ್ತಾರೆ. ಕೇಳುತ್ತಲೇ ಇರಿ. ಬಿಗಿ ನಿಯಮವಿರುವ ಔಷಧಗಳ ಮಾರಾಟವನ್ನು ಬರೆದಿಡುವ ಷೆಡ್ಯೂಲ್ ಎಚ್1 ರಿಜಿಸ್ಟರ್ ಇರುತ್ತದಲ್ಲ, ಅದನ್ನು ನೀವೇ ಬರೆಯಿರಿ. ರೋಗಿ ಯಾರು, ಬರೆದ ಡಾಕ್ಟರ್ ಯಾರು, ಯಾವ ಔಷಧ, ಎಷ್ಟು. ಮೂರು ವರ್ಷ ಇಡಬೇಕಾದ ಪುಸ್ತಕ ಅದು, ಬಹಳ ಕಡೆ ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ತುಂಬುತ್ತದೆ. ಇಲ್ಲಿ ಸಲೀಸಾಗಿ ಮಾರಾಟವಾಗುವ ಯಾವ ಔಷಧ ಅಲ್ಲಿಲ್ಲ ಎಂಬ ಪಟ್ಟಿಯನ್ನೂ ಮಾಡಿಕೊಳ್ಳಿ. ನಿಮೆಸುಲೈಡ್ ಅಮೆರಿಕದಲ್ಲಿಲ್ಲ, ಕೆನಡಾದಲ್ಲಿಲ್ಲ, ಇಂಗ್ಲೆಂಡಿನಲ್ಲಿಲ್ಲ. ಅದನ್ನೇ ಜ್ವರಕ್ಕೆ ಹೇಳಿ ಓಸ್ಕಿಯಿಂದ ಹೊರಬಂದರೆ ಫಲಿತಾಂಶಕ್ಕೆ ಕಾಯಬೇಕಿಲ್ಲ.

ಫಾರ್ಮ್.ಡಿ ಮಕ್ಕಳು ವಾರ್ಡಿನಲ್ಲಿ ಡಾಕ್ಟರ ಬೆನ್ನ ಹಿಂದೆ ನೋಟ್‌ಬುಕ್ ಹಿಡಿದು ನಿಲ್ಲುವುದನ್ನು ಬಿಡಿ. ರೋಗಿಯ ಮಂಚದ ಹತ್ತಿರ ಹೋಗಿ ಮಾತಾಡಿ. ಜೇವರ್ಗಿಯಿಂದ, ಚಿಂಚೋಳಿಯಿಂದ ಬಂದ ಆ ಮುದುಕನಿಗೆ ಇನ್ಸುಲಿನ್ ಎಲ್ಲಿ ಇಡಬೇಕು ಎಂದು ತಿಳಿಸಿ. ಮನೆಯಲ್ಲಿ ಫ್ರಿಜ್ ಇಲ್ಲ ಅನ್ನುತ್ತಾನೆ. ಆಗ ಏನು ಹೇಳುತ್ತೀರಿ? ಮಣ್ಣಿನ ಮಡಕೆ, ಒದ್ದೆ ಮರಳು, ಮುಚ್ಚಿದ ಡಬ್ಬಿ, ಸೂರ್ಯ ಕಾಣದ ಮೂಲೆ ಎಂದು ವಿವರಿಸಬಲ್ಲವನು ಟೊರಾಂಟೊದ ಕೋಣೆಯಲ್ಲಿ ತಡವರಿಸುವುದಿಲ್ಲ.

ಕೊನೆಗೆ ಹಿಂದಿನ ಸಾಲಿನ ತಾಯಿಯೊಬ್ಬರು ಕೇಳಿದ್ದು: ‘ಸರ್, ಹೋದ ಮಗಳು ನಾಲ್ಕು ವರ್ಷಕ್ಕೆ ವಾಪಸ್ ಬಂದ್ಲು ಅಂದ್ರ ಇಲ್ಲಿ ಮತ್ತ ಮೊದಲಿನಿಂದ ಶುರು ಮಾಡ್ಬೇಕೇನ್ರಿ?’ ಬೇಡ ಯಕ್ಕಾ. ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನ ನೋಂದಣಿಯನ್ನು ನವೀಕರಿಸುತ್ತಾ ಇದ್ದರೆ ಆಯಿತು. ವಿದೇಶಕ್ಕೆ ಹೋದವರು ಇದನ್ನೇ ಮರೆಯುತ್ತಾರೆ. ಹೊರದೇಶದ ಕೌನ್ಸಿಲ್‌ಗಳು ಗುಡ್ ಸ್ಟ್ಯಾಂಡಿಂಗ್ ಪತ್ರ, ಅಂದರೆ ನೋಂದಣಿ ಸರಿಯಾಗಿ ಚಾಲ್ತಿಯಲ್ಲಿದೆ ಎಂಬ ಪತ್ರ, ಕೇಳುವುದು ಇಲ್ಲಿನ ನೋಂದಣಿಯ ಮೇಲೆಯೇ. ಅದು ಸತ್ತಿದ್ದರೆ ಅಲ್ಲಿಯೂ ಕೆಲಸ ನಿಲ್ಲುತ್ತದೆ, ಇಲ್ಲಿಯೂ ನಿಲ್ಲುತ್ತದೆ. ನವೀಕರಣದ ತಾರೀಖನ್ನು ಮಗಳ ಫೋನಿನಲ್ಲಿ ಬೇಡ, ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.